ಮೀಟಿಂಗಲ್ಲಿ ಬಾಯಿ ಬಿಡಕ್ಕಾಗಲ್ಲ, ಮೈಕ್ ಅಂದ್ರೆ ಎದೆ ಡವಡವ. ಮಾತು ಸುಧಾರಿಸ್ಕೊಂಡೋರು ಹೇಗೆ ಮಾಡಿದ್ರಿ ಹೇಳಿ

ಹೊಸದುರ್ಗದ_ಹುಡ್ಗ:
ಎಲ್ರಿಗೂ ನಮಸ್ಕಾರ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಆಫೀಸು ಮಾರತ್‌ಹಳ್ಳಿ ಕಡೆ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಕೆಲಸ ಚೆನ್ನಾಗಿ ಗೊತ್ತು, ಅದರಲ್ಲಿ ಡೌಟಿಲ್ಲ. ಆದ್ರೆ ಮೀಟಿಂಗಲ್ಲಿ ಎಂಟತ್ತು ಜನ ಇದ್ರೆ ಮಾತು ಗಂಟಲಲ್ಲೇ ನಿಂತೋಗತ್ತೆ, ನಾನು ಹೇಳ್ಬೇಕು ಅಂದ್ಕೊಂಡಿದ್ದನ್ನೇ ಪಕ್ಕದಲ್ಲಿರೋರು ಹೇಳ್ತಾರೆ, ಎಲ್ರೂ ತಲೆ ಆಡಿಸ್ತಾರೆ, ನಾನು ಲ್ಯಾಪ್‌ಟಾಪ್ ನೋಡ್ಕೊಂಡು ಕೂತಿರ್ತೀನಿ. ಈಗ ಎರಡು ಒಟ್ಟಿಗೆ ತಲೆ ಮೇಲೆ ಬಂದಿದೆ. ಮುಂದಿನ ತಿಂಗಳು ಕ್ಲೈಂಟ್‌ಗೆ ಡೆಮೊ ನಾನೇ ಕೊಡ್ಬೇಕು. ಜೊತೆಗೆ ಅಪಾರ್ಟ್‌ಮೆಂಟಲ್ಲಿ ರಾಜ್ಯೋತ್ಸವದ ನಿರೂಪಣೆ ನೀವೇ ಮಾಡಿ ಅಂತ ಸಮಿತಿಯೋರು ಪಟ್ಟು ಹಿಡಿದಿದಾರೆ, ಕನ್ನಡ ಚೆನ್ನಾಗಿ ಬರತ್ತಲ್ಲ ನಿಮ್ಗೆ ಅಂತಾರೆ. ಹತ್ರದಲ್ಲೇ ವೀಕೆಂಡ್ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಇದೆ, ಫೀಸು ಜಾಸ್ತಿ. ಸೇರ್ಲಾ? ಅಥವಾ ಬೇರೆ ದಾರಿ ಇದ್ಯಾ? ದಯವಿಟ್ಟು ಅನುಭವ ಇರೋರು ಹೇಳಿ, ಕಾನ್ಫಿಡೆನ್ಸ್ ಇರ್ಲಿ ಬ್ರೋ ಅನ್ನೋ ಉತ್ತರ ಬೇಡ, ಅದನ್ನ ತುಂಬಾ ಜನ ಹೇಳಾಗಿದೆ.

ಮಲ್ಲೇಶ್ವರದ_ಅಕ್ಕ:
ನಾನು ಆಫೀಸಲ್ಲಿ ಹೊಸಬರನ್ನ ಇಂಟರ್‌ವ್ಯೂ ಮಾಡ್ತೀನಿ, ಸೇರಿದ್ಮೇಲೆ ಟ್ರೈನಿಂಗೂ ಕೊಡ್ತೀನಿ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಬೇಜಾರಾಗ್ಬೇಡಿ. ಫೀಸ್ ಕಟ್ಟೋ ಮುಂಚೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಫೋನ್ ರೆಕಾರ್ಡರ್ ಆನ್ ಮಾಡಿ, ನಿಮ್ಮ ಡೆಮೊ ಏನು ಅಂತ ಎರಡು ನಿಮಿಷ ಪೂರ್ತಿ ಕನ್ನಡದಲ್ಲಿ, ನಿಮ್ಮೂರಿನ ಸ್ನೇಹಿತನಿಗೆ ಹೇಳೋ ಥರ ಹೇಳಿ. ಆಮೇಲೆ ಕೇಳಿ. ಕನ್ನಡದಲ್ಲಿ ಸಲೀಸಾಗಿ ಬಂದು ಇಂಗ್ಲಿಷಲ್ಲಿ ಮಾತ್ರ ಸಿಕ್ಕಾಕೊಂಡ್ರೆ ಆಗ ಭಾಷೆ ಕಡೆ ಗಮನ ಕೊಡೋಣ. ಕನ್ನಡದಲ್ಲೂ ಅದೇ ಜಾಗದಲ್ಲಿ ತಡವರಿಸಿದ್ರೆ ಆ ಕ್ಲಾಸು ನಿಮ್ಗೆ ಏನೂ ಮಾಡಲ್ಲ. ಈ ಊರಲ್ಲಿ ಮಾತಿನ ಕಷ್ಟ ಎಲ್ಲಾನೂ ಇಂಗ್ಲಿಷ್ ತಲೆಗೆ ಕಟ್ಟೋ ಅಭ್ಯಾಸ ಆಗೋಗಿದೆ, ನಂಗೆ ಇದು ನಿಜಕ್ಕೂ ನೋವು ಕೊಡೋ ವಿಷ್ಯ, ಯಾಕಂದ್ರೆ ಒಳ್ಳೊಳ್ಳೆ ಹುಡುಗ ಹುಡುಗೀರು ನಂಗೆ ಇಂಗ್ಲಿಷ್ ಬರಲ್ಲ ಅಂತ ಅಂದ್ಕೊಂಡು ವರ್ಷಗಟ್ಟಲೆ ಸುಮ್ನೆ ಕೂತಿರ್ತಾರೆ. ನಾಲ್ಕು ಜನರ ಮುಂದೆ ಸತತವಾಗಿ ಎರಡು ನಿಮಿಷ ಮಾತಾಡೋ ಅವಕಾಶ ನಮಗೆ ಸ್ಕೂಲಲ್ಲಿ ಯಾವ ಭಾಷೆಲೂ ಸಿಕ್ಕಿಲ್ಲ. ಚರ್ಚಾಸ್ಪರ್ಧೆಗೆ ಕ್ಲಾಸಿಗೊಬ್ರನ್ನ ಕಳಿಸ್ತಿದ್ರು, ಮಿಕ್ಕೋರು ಚಪ್ಪಾಳೆಗೆ.

ವೈಟ್‌ಫೀಲ್ಡ್_ಪ್ಯಾಸೆಂಜರ್:
ಅಕ್ಕ, ಅರ್ಧ ಒಪ್ತೀನಿ, ಇನ್ನರ್ಧ ಒಪ್ಪಲ್ಲ. ಇಂಗ್ಲಿಷ್ ಸಮಸ್ಯೆನೇ ಅಲ್ಲ ಅಂದ್ರೆ ಅದು ಕಾನ್ವೆಂಟಲ್ಲಿ ಓದಿದವರು ಹೇಳೋ ಮಾತು. ಕಾಲ್‌ನಲ್ಲಿ ಅಮೆರಿಕದೋರು ಫಟಾಫಟ್ ಅಂತ ಪ್ರಶ್ನೆ ಕೇಳ್ದಾಗ ಅದು ಅರ್ಥ ಆಗೋಕೇ ಎರಡು ಸೆಕೆಂಡ್ ಬೇಕು, ಉತ್ತರ ಕಟ್ಟೋಕೆ ಇನ್ನೆರಡು, ಅಷ್ಟರಲ್ಲಿ ಬೇರೆಯೋರು ಉತ್ತರ ಕೊಟ್ಟಿರ್ತಾರೆ. ಭಾಷೆ ಗೊತ್ತಿಲ್ದೇ ಇದ್ರೆ ಭಯ ಡಬಲ್ ಆಗತ್ತೆ, ಅದನ್ನ ಸುಳ್ಳು ಅನ್ಬೇಡಿ. ನಂಗೆ ಕೆಲಸಕ್ಕೆ ಬಂದಿದ್ದು ಏನಂದ್ರೆ ನಮ್ಮ ಕೆಲಸಕ್ಕೆ ದಿನಾ ಬೇಕಾಗೋ ವಾಕ್ಯಗಳು ಲೆಕ್ಕ ಹಾಕಿದ್ರೆ ತುಂಬಾ ಕಮ್ಮಿ, ಇನ್ನೊಂದ್ಸಲ ಹೇಳ್ತೀರಾ, ನೀವು ಕೇಳ್ತಿರೋದು ಇದೇನಾ, ಇದನ್ನ ಚೆಕ್ ಮಾಡಿ ಸಂಜೆ ಒಳಗೆ ತಿಳಿಸ್ತೀನಿ, ಇಂಥವು. ಅವನ್ನ ಇಂಗ್ಲಿಷಲ್ಲಿ ಬಾಯಿಪಾಠ ಆಗೋವರೆಗೂ ಬಾಯಲ್ಲಿ ಆಡಿ ಆಡಿ ಇಟ್ಕೊಂಡೆ. ಮನಸ್ಸಲ್ಲಿ ಅಲ್ಲ, ಜೋರಾಗಿ. ಮನಸ್ಸಲ್ಲಿ ಎಲ್ರೂ ಚೆನ್ನಾಗೇ ಮಾತಾಡ್ತಾರೆ.

ಮಲ್ಲೇಶ್ವರದ_ಅಕ್ಕ:
ಸರಿ, ಇದನ್ನ ಪೂರ್ತಿ ಒಪ್ತೀನಿ. ಪ್ರಶ್ನೆನ ನಮ್ಮ ಮಾತಲ್ಲಿ ವಾಪಸ್ ಹೇಳೋದು ಇದ್ಯಲ್ಲ, ಅದು ಇಂಗ್ಲಿಷ್ ಚೆನ್ನಾಗಿ ಬರೋರಿಗೂ ಬೇಕಾದ್ದು. ತಪ್ಪು ಅರ್ಥ ಮಾಡ್ಕೊಂಡಿದ್ರೆ ಅಲ್ಲೇ ಸರಿ ಹೋಗತ್ತೆ, ಯೋಚನೆ ಮಾಡೋಕೆ ಟೈಮೂ ಸಿಗತ್ತೆ.

ಧಾರವಾಡ_ಫೇಡಾ:
ರೀ ಹೊಸದುರ್ಗದವ್ರ, ಎದಿ ಡವಡವ ಅಂತದಲ್ಲ, ಅದು ಏನೂ ರೋಗ ಅಲ್ರಿ. ಅಡ್ರಿನಲಿನ್ ಏರತದ, ಹೃದಯ ಜೋರ್ ಬಡೀತದ, ಜೊಲ್ಲು ಕಮ್ಮಿ ಆಗತದ, ಅದಕ್ಕ ಬಾಯಿ ಒಣಗತದ, ಕೈ ನಡಗತಾವ. ಹುಲಿ ಎದುರಿಗೆ ಬಂದ್ರೂ ಇದ ಆಗೂದು, ಮೈಕ್ ಎದುರಿಗೆ ಬಂದ್ರೂ ಇದ. ಶಾಂತ ಆಗು ಶಾಂತ ಆಗು ಅಂತ ತಮ್ಮಷ್ಟಕ್ಕ ತಾವ ಹೇಳಕೊಂಡ್ರ ಉಪಯೋಗ ಕಮ್ಮಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ ಅನ್ನೋರು 2014ರಾಗ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಭಾಷಣ ಮಾಡೂಕಿಂತ ಮೊದ್ಲ ಕೆಲವರಿಗೆ ನಾನು ಶಾಂತ ಅದೀನಿ ಅಂತ ಅನ್ನಾಕ ಹೇಳಿದ್ರು, ಕೆಲವರಿಗೆ ನನಗ ಉತ್ಸಾಹ ಬಂದದ ಅಂತ ಅನ್ನಾಕ ಹೇಳಿದ್ರು. ಉತ್ಸಾಹ ಅಂದವರ ಭಾಷಣ ಕೇಳಿದವರಿಗೆ ಹೆಚ್ಚು ಹಿಡಿಸ್ತು. ಯಾಕಂದ್ರ ಭಯಕ್ಕೂ ಉತ್ಸಾಹಕ್ಕೂ ಮೈಯಾಗ ಆಗೂದು ಹೆಚ್ಚೂ ಕಮ್ಮಿ ಒಂದ, ಬಡ್ಕೊಳ್ಳೂ ಎದಿನ ನಿಲ್ಲಸೂದಕ್ಕಿಂತ ಅದರ ಹೆಸರು ಬದಲಿ ಮಾಡೂದು ಸರಳ. ಇನ್ನ ಉಸಿರು. ಒಳಗ ತೊಗೊಳ್ಳೂದಕ್ಕಿಂತ ಹೊರಗ ಬಿಡೂದು ಉದ್ದ ಇರ್ಲಿ, ನಿಧಾನ ಬಿಡ್ರಿ, ಮೂರು ನಾಕು ಸಲ. ಉಸಿರು ಬಿಡೂವಾಗ ಹೃದಯದ ಬಡಿತ ಸ್ವಲ್ಪ ಇಳೀತದ.

ಹೊಸದುರ್ಗದ_ಹುಡ್ಗ:
ಥ್ಯಾಂಕ್ಸ್ ಸರ್, ಇದು ಗೊತ್ತಿರ್ಲಿಲ್ಲ. ಆದ್ರೆ ನಂಗೆ ಭಯಕ್ಕಿಂತ ಹೆಚ್ಚು ಕಾಡೋದು ನಂಗೆ ಭಯ ಆಗಿದೆ ಅಂತ ಎಲ್ರಿಗೂ ಕಾಣತ್ತೆ ಅನ್ನೋದು. ಧ್ವನಿ ನಡುಗೋದು ನನಗೇ ಕೇಳ್ಸತ್ತೆ.

ಸಿಗ್ನಲ್_ನಂ_೧:
ಇದರ ಬಗ್ಗೆ ನಾನು ಓದಿದ್ದು ನಂಗೆ ತುಂಬಾ ಸಹಾಯ ಆಗಿದೆ ಹಾಗಾಗಿ ಬರೀತೀನಿ. ಕಾರ್ನೆಲ್ ಯೂನಿವರ್ಸಿಟಿಯ ಥಾಮಸ್ ಗಿಲೊವಿಚ್ ಮತ್ತೆ ಅವರ ಜೊತೆಯೋರು 2000ನೇ ಇಸವಿಲಿ ಒಂದು ಪ್ರಯೋಗ ಪ್ರಕಟಿಸಿದ್ರು, ವಿದ್ಯಾರ್ಥಿಗಳಿಗೆ ಮುಜುಗರ ಆಗೋಂಥ ಒಂದು ಟೀಶರ್ಟ್ ಹಾಕ್ಸಿ ಬೇರೆಯೋರು ಕೂತಿರೋ ರೂಮಿಗೆ ಕಳಿಸಿದ್ರು. ಹಾಕ್ಕೊಂಡೋರು ರೂಮಲ್ಲಿ ಅರ್ಧದಷ್ಟು ಜನ ಅದನ್ನ ಗಮನಿಸಿರ್ತಾರೆ ಅಂದ್ಕೊಂಡಿದ್ರು, ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ. 2003ರಲ್ಲಿ ಅವರೂ ಸಾವಿಟ್ಸ್ಕಿ ಅನ್ನೋರೂ ಸೇರಿ ಇದನ್ನೇ ಭಾಷಣದ ಭಯಕ್ಕೆ ಪರೀಕ್ಷೆ ಮಾಡಿದ್ರು. ನಿಮ್ಮ ನಡುಕ ನಿಮ್ಗೆ ಅನ್ನಿಸೋಷ್ಟು ಹೊರಗಡೆ ಕಾಣಲ್ಲ ಅಂತ ಮೊದ್ಲೇ ತಿಳಿಸಿದವರ ಭಾಷಣ, ತಿಳಿಸದೇ ಇದ್ದವರಿಗಿಂತ ಚೆನ್ನಾಗಿತ್ತು, ಅವರಿಗೇ ಹಾಗೆ ಅನ್ನಿಸ್ತು, ಕೇಳಿದವರಿಗೂ ಅನ್ನಿಸ್ತು. ಬರೀ ಗೊತ್ತಾಗಿದ್ದಕ್ಕೇ ಅಷ್ಟು ವ್ಯತ್ಯಾಸ. ಅದಕ್ಕೇ ರೆಕಾರ್ಡಿಂಗ್ ಕೇಳಿ ಅಂತ ಅಕ್ಕ ಹೇಳಿದ್ದು ಸರಿ, ಒಳಗಡೆ ಭೂಕಂಪ ಅನ್ನಿಸಿದ್ದು ಕೇಳಿದ್ರೆ ಸಾಮಾನ್ಯವಾಗೇ ಇರತ್ತೆ.

ಜೆಪಿನಗರ_೬ನೇ_ಫೇಸ್:
ಎಲ್ರೂ ಮಾತಿನ ಬಗ್ಗೆ ಹೇಳ್ತಿದೀರ, ಆದ್ರೆ ಕಮ್ಯುನಿಕೇಶನ್‌ನಲ್ಲಿ ಮಾತು ಬರೀ 7 ಪರ್ಸೆಂಟ್, ಧ್ವನಿ 38, ಮಿಕ್ಕ 55 ಬಾಡಿ ಲಾಂಗ್ವೇಜ್ ಅಂತ ನಮ್ಮ ಟ್ರೈನಿಂಗಲ್ಲಿ ಹೇಳಿದ್ರು. ಮೊದ್ಲು ಅದನ್ನ ಸರಿ ಮಾಡ್ಕೊಳಿ.

ಸಿಗ್ನಲ್_ನಂ_೧:
ಅದು ತುಂಬಾ ಕಡೆ ಹೇಳ್ತಾರೆ, ಆದ್ರೆ ಆ ಲೆಕ್ಕ ಹಾಗಲ್ಲ. ಅದು ಬಂದಿದ್ದು ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಮನಶ್ಶಾಸ್ತ್ರಜ್ಞರ 1967ರ ಎರಡು ಅಧ್ಯಯನದಿಂದ. ಒಂಟಿ ಪದಗಳನ್ನ ಬೇರೆ ಬೇರೆ ಧ್ವನಿಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಈ ಮನುಷ್ಯನಿಗೆ ಇಷ್ಟವೋ ಇಲ್ವೋ ಅಂತ ಊಹಿಸೋಕೆ ಹೇಳಿದ್ದು ಅಷ್ಟೆ. ಭಾವನೆ, ಇಷ್ಟಾನಿಷ್ಟ ಹೇಳೋವಾಗ ಮಾತ್ರ ಇದು ಲಾಗು ಅಂತ ಅವರೇ ಸ್ಪಷ್ಟ ಮಾಡಿದಾರೆ. ಮಾತು ಏಳೇ ಪರ್ಸೆಂಟ್ ಆಗಿದ್ರೆ ತಮಿಳು ಗೊತ್ತಿಲ್ದೇನೇ ತಮಿಳು ಭಾಷಣ ಬಹುಪಾಲು ಅರ್ಥ ಆಗ್ಬೇಕಿತ್ತಲ್ವಾ. ಹುಡುಗ ಡೆಮೊಲಿ ಯಾವ ಬಗ್ ಎಲ್ಲಿದೆ ಅಂತ ಹೇಳ್ಬೇಕು, ಅದನ್ನ ಕೈ ಆಡಿಸಿ ಹೇಳೋಕಾಗಲ್ಲ. ನೆಟ್ಟಗೆ ನಿಂತ್ಕೊಳೋದು, ಮುಖ ನೋಡಿ ಮಾತಾಡೋದು ಬೇಕು, ಅದು ಎರಡನೇದು.

ಜೆಪಿನಗರ_೬ನೇ_ಫೇಸ್:
ಓ, ಸರಿ. ಅವರು ಸ್ಲೈಡಲ್ಲಿ ದೊಡ್ಡದಾಗಿ ಹಾಕಿದ್ರು, ನಂಬಿದ್ದೆ. ತಿಳಿಸಿದ್ದಕ್ಕೆ ಥ್ಯಾಂಕ್ಸ್.

ಹೊಸದುರ್ಗದ_ಹುಡ್ಗ:
ಅಕ್ಕ, ರೆಕಾರ್ಡ್ ಮಾಡಿ ಕೇಳ್ದೆ. ಕನ್ನಡದಲ್ಲೂ ಅದೇ ಕಥೆ. ಮಾತು ಬರತ್ತೆ, ಆದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗ್ದೆ ಮೊದಲ ಒಂದು ನಿಮಿಷ ಸುತ್ತಿ ಬಳಸಿ ಹೋಗಿದೀನಿ. ನಿನ್ನೆ ಸ್ಟ್ಯಾಂಡಪ್‌ನಲ್ಲಿ, ಅಂದ್ರೆ ಟೀಮಿನೋರೆಲ್ಲ ಕೆಲಸ ಎಲ್ಲಿಗೆ ಬಂತು ಅಂತ ಹೇಳೋ ಚಿಕ್ಕ ಮೀಟಿಂಗಲ್ಲಿ, ನಾನು ಹೇಳಿದ್ದು ನೆನಪಿರೋ ಹಾಗೆ ಬರೀತೀನಿ: "ಅದೂ, ಆ ಪೇಮೆಂಟ್ ಪೇಜ್ ಇತ್ತಲ್ಲ, ಅದನ್ನ ಸೋಮವಾರ ತಗೊಂಡೆ, ಆಮೇಲೆ ಬಿಲ್ಡ್ ಬಂತು, ಬಿಲ್ಡಲ್ಲಿ ಲಾಗಿನ್ ಪ್ರಾಬ್ಲಮ್ ಇತ್ತು, ಅದನ್ನ ಡೆವಲಪರ್‌ಗೆ ಕೇಳ್ದೆ, ಅವರು ರಜ ಇದ್ರು, ಆಮೇಲೆ ಬೇರೆಯೋರ ಹತ್ರ ಮಾಡಿಸ್ದೆ, ಆಮೇಲೆ ಯುಪಿಐ ಟೆಸ್ಟ್ ಮಾಡ್ತಿದ್ದೆ, ಅದೂ ಸ್ವಲ್ಪ..." ಅಷ್ಟರಲ್ಲಿ ಮ್ಯಾನೇಜರ್ ಓಕೆ ನೆಕ್ಸ್ಟ್ ಅಂದ್ರು. ಯುಪಿಐ ಫೇಲ್ ಆಗ್ತಿದೆ ಅನ್ನೋ ಮುಖ್ಯ ವಿಷ್ಯ ಹೇಳೋಕೇ ಆಗ್ಲಿಲ್ಲ.

ಮಲ್ಲೇಶ್ವರದ_ಅಕ್ಕ:
ಇದನ್ನ ಬರೆದಿದ್ದು ಬಹಳ ಒಳ್ಳೇದಾಯ್ತು, ಎಲ್ಲಾ ಇದರಲ್ಲೇ ಇದೆ. ನೀವು ನಡೆದಿದ್ದನ್ನ ನಡೆದ ಕ್ರಮದಲ್ಲಿ ಹೇಳ್ತಿದೀರ, ಅದು ನಿಮ್ಮ ವಾರದ ಕ್ರಮ. ಕೇಳೋರಿಗೆ ಬೇಕಾಗಿರೋ ಕ್ರಮ ತಲೆಕೆಳಗು. ಅವರ ತಲೇಲಿರೋ ಪ್ರಶ್ನೆ ಒಂದೇ, ಶುಕ್ರವಾರ ರಿಲೀಸ್ ಆಗತ್ತಾ ಇಲ್ವಾ. ಅದಕ್ಕೆ ಉತ್ತರ ಮೊದಲನೇ ವಾಕ್ಯದಲ್ಲಿ ಇಡಿ. ನಿಮ್ಮದನ್ನೇ ತಿರುಗ್ಸಿ ಬರೀತೀನಿ ನೋಡಿ: "ಪೇಮೆಂಟ್ ಪೇಜ್ ಶುಕ್ರವಾರಕ್ಕೆ ಕಷ್ಟ. ಕಾರ್ಡ್ ಪೇಮೆಂಟ್ ಸರಿ ಇದೆ, ಯುಪಿಐ ಫೇಲ್ ಆಗ್ತಿದೆ. ಇವತ್ತು ಮಧ್ಯಾಹ್ನದೊಳಗೆ ಒಬ್ಬ ಡೆವಲಪರ್ ಸಿಕ್ರೆ ಶುಕ್ರವಾರಕ್ಕೇ ಮುಗಿಸಬಹುದು." ಇದರಲ್ಲಿ ಇಂಗ್ಲಿಷ್ ಎಷ್ಟಿದೆ ಹೇಳಿ? ಇದನ್ನ ಇಂಗ್ಲಿಷಿಗೆ ಹಾಕಿದ್ರೂ ಐದನೇ ಕ್ಲಾಸಿನ ವಾಕ್ಯಗಳೇ. ಲಾಗಿನ್ ಪ್ರಾಬ್ಲಮ್ಮು, ಯಾರು ರಜ, ಯಾರ ಹತ್ರ ಮಾಡಿಸಿದ್ದು, ಕೇಳಿದ್ರೆ ಹೇಳಿ, ಕೇಳ್ದಿದ್ರೆ ಬೇಡ. ನಾವು ಪಟ್ಟ ಕಷ್ಟ ಎಲ್ಲಾ ಹೇಳ್ಕೋಬೇಕು ಅನ್ನಿಸೋದು ಸಹಜ, ಮಾಡಿದ ಕೆಲಸ ಕಾಣ್ಬೇಕಲ್ಲ ಅಂತ. ಆದ್ರೆ ಮೀಟಿಂಗಲ್ಲಿ ಕಷ್ಟದ ಕಥೆ ಹೇಳೋರಿಗಿಂತ ನಿರ್ಧಾರ ಮಾಡೋಕೆ ಸಹಾಯ ಮಾಡೋರನ್ನೇ ಜನ ನೆನಪಿಟ್ಕೊಳೋದು, ಇದು ನಾನು ಇಷ್ಟು ವರ್ಷ ಕಣ್ಣಾರೆ ನೋಡಿರೋದು. ಡೆಮೊಗೂ ಇದೇ. ಲಾಗಿನ್ ಪೇಜಿಂದ ಶುರು ಮಾಡ್ಬೇಡಿ, ಅವರಿಗೆ ಏನು ಹೊಸದಾಗಿ ಸಿಗತ್ತೋ ಆ ಸ್ಕ್ರೀನ್ ಮೊದ್ಲು ತೋರ್ಸಿ. ನೆಟ್ ಕೈ ಕೊಟ್ರೆ ಅಂತ ಮೊದ್ಲೇ ಸ್ಕ್ರೀನ್ ರೆಕಾರ್ಡಿಂಗ್ ಒಂದು ಇಟ್ಕೊಂಡಿರಿ, ಅದು ಇದೆ ಅನ್ನೋ ಧೈರ್ಯಕ್ಕೇ ಮಾತು ಸಲೀಸಾಗತ್ತೆ.

ಬ್ಯಾಂಕ್_ಕೌಂಟರ್:
ಅಕ್ಕ ಹೇಳಿದ್ದು ಆಫೀಸಿಗೆ ಮಾತ್ರ ಅಲ್ಲ. ನಾನು ಬ್ಯಾಂಕಲ್ಲಿ ಕೌಂಟರ್‌ನಲ್ಲಿ ಕೂತು ದಿನಾ ನೋಡ್ತೀನಿ, ಬಂದವರಲ್ಲಿ ಅರ್ಧ ಜನ ಏನು ಬೇಕು ಅಂತ ಹೇಳೋದು ಕೊನೆಗೆ. ಆದ್ರೆ ಇನ್ನೊಂದು ಕಡೆನೂ ಇದೆ, ವಯಸ್ಸಾದೋರು ಬಂದು ಮಗ ಕಳಿಸೋ ದುಡ್ಡು ಬಂದಿಲ್ಲ ಅಂತ ಶುರು ಮಾಡಿದ್ರೆ ಅವರಿಗೆ ದುಡ್ಡಿನಷ್ಟೇ ಮಗನ ಚಿಂತೆನೂ ಇರತ್ತೆ, ಅವರನ್ನ ವಿಷ್ಯಕ್ಕೆ ಬನ್ನಿ ಅಂದ್ರೆ ಮುಖ ಚಿಕ್ಕದಾಗತ್ತೆ. ಅರ್ಧ ನಿಮಿಷ ಪೂರ್ತಿ ಕೇಳಿದ್ರೆ ಆಮೇಲೆ ಕೆಲಸ ಬೇಗ ಆಗತ್ತೆ. ಹಾಗಾಗಿ ಯಾರ ಹತ್ರ ಮಾತು ಅನ್ನೋದು ನೋಡ್ಬೇಕು. ಮನೆಲಿ, ನೆಂಟರ ಹತ್ರ ಮೊದಲನೇ ವಾಕ್ಯಕ್ಕೇ ತೀರ್ಮಾನ ಹೇಳಿದ್ರೆ ಜಗಳ ಗ್ಯಾರಂಟಿ.

ಇನ್ನೊಂದು, ಇಲ್ಲ ಅಂತ ಹೇಳೋದು. ನಮ್ಮಲ್ಲಿ ಇಲ್ಲ ಅನ್ನೋಕೆ ಸಂಕೋಚ, ನೋಡೋಣ, ಟ್ರೈ ಮಾಡ್ತೀನಿ ಅಂತೀವಿ. ಎದುರಿಗಿರೋರು ಅದನ್ನ ಹೂಂ ಅಂದ್ಕೋತಾರೆ. ಇದು ಆಗಲ್ಲ, ಇದು ಆಗತ್ತೆ ಅಂತ ಎರಡೂ ಒಟ್ಟಿಗೆ ಹೇಳಿ, ಇವತ್ತು ಆಗಲ್ಲ ಸರ್ ನಾಳೆ ಹನ್ನೊಂದಕ್ಕೆ ಮಾಡಿಕೊಡ್ತೀನಿ ಅಂತ, ಯಾರೂ ಬೇಜಾರು ಮಾಡ್ಕೊಳಲ್ಲ.

ಮಾತುಗಾರ್ತಿ_ಬಸವನಗುಡಿ:
ಪ್ರಾಕ್ಟೀಸ್ ಎಲ್ಲಿ ಮಾಡೋದು ಅಂತ ಯಾರೂ ಹೇಳ್ಲಿಲ್ವಲ್ಲ. ಟೋಸ್ಟ್‌ಮಾಸ್ಟರ್ಸ್ ಕ್ಲಬ್ ನೋಡಿ, ಬೆಂಗ್ಳೂರಲ್ಲಿ ಬೇಕಾದಷ್ಟಿವೆ, ಎಷ್ಟೋ ಕಂಪನಿಗಳ ಒಳಗೇ ಇವೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಊರಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನೋರು ಶುರು ಮಾಡಿದ್ದು, ಅಲ್ಲಿ ಮೇಷ್ಟ್ರು ಅಂತ ಯಾರೂ ಇರಲ್ಲ, ಸದಸ್ಯರೇ ಒಬ್ಬರಿಗೊಬ್ಬರು ಕಲಿಸೋದು, ಅದೇ ನಂಗೆ ಇಷ್ಟ. ಮೊದಲ ಭಾಷಣ ನಾಲ್ಕರಿಂದ ಆರು ನಿಮಿಷ, ನಿಮ್ಮ ಬಗ್ಗೆನೇ. ಆದ್ರೆ ನಿಜವಾಗಿ ಬದಲಾವಣೆ ತರೋದು ಟೇಬಲ್ ಟಾಪಿಕ್ಸ್ ಅನ್ನೋ ಭಾಗ, ಹೆಸರು ಕರೆದು ವಿಷ್ಯ ಕೊಡ್ತಾರೆ, ತಯಾರಿ ಇಲ್ಲ, ಒಂದರಿಂದ ಎರಡು ನಿಮಿಷ ಮಾತಾಡ್ಬೇಕು. ಟೈಮ್ ಗೊತ್ತಾಗ್ಲಿ ಅಂತ ಒಂದು ನಿಮಿಷಕ್ಕೆ ಹಸಿರು ಬಣ್ಣ ತೋರಿಸ್ತಾರೆ, ಒಂದೂವರೆಗೆ ಹಳದಿ, ಎರಡಕ್ಕೆ ಕೆಂಪು. ಒಬ್ರು ನೀವು ಎಷ್ಟು ಸಲ ಆ... ಊಂ... ಅಂದ್ರಿ ಅಂತಾನೇ ಎಣಿಸ್ತಾ ಕೂತಿರ್ತಾರೆ, ಮೊದ್ಲು ಹಿಂಸೆ ಅನ್ಸತ್ತೆ, ಆಮೇಲೆ ಆ ಜಾಗದಲ್ಲಿ ಸುಮ್ನೆ ಒಂದು ಗಳಿಗೆ ನಿಲ್ಲೋದು ಬರತ್ತೆ. ಅತಿಥಿಯಾಗಿ ಹೋಗಿ ಕೂತು ನೋಡಬಹುದು, ಸೇರೋದು ಆಮೇಲೆ ತೀರ್ಮಾನ ಮಾಡಿ. ಹೆಚ್ಚಿನ ಕಡೆ ಇಂಗ್ಲಿಷಲ್ಲೇ ನಡೆಯೋದು, ಅದನ್ನ ತಿಳ್ಕೊಂಡೇ ಹೋಗಿ. ಒಂದೆರಡು ಕ್ಲಬ್ ನೋಡಿ ಆರಿಸಿ, ಕೆಲವು ಕಡೆ ಚಪ್ಪಾಳೆ ಜಾಸ್ತಿ, ನಿಜವಾದ ವಿಮರ್ಶೆ ಕಮ್ಮಿ.

ಅರ್ಥಧಾರಿ_ಅಭಿಮಾನಿ:
ಟೋಸ್ಟ್‌ಮಾಸ್ಟರ್ಸ್ ಒಳ್ಳೇದೇ ಮಾರಾಯ್ರೆ, ಆದ್ರೆ ನಮ್ಮಲ್ಲೇ ಇರೋದನ್ನ ಯಾಕೆ ಬಿಡೋದು? ತಾಳಮದ್ದಳೆ ಕೇಳಿದ್ದೀರಾ? ಯಕ್ಷಗಾನದ್ದೇ ಒಂದು ರೂಪ, ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪದ್ಯಕ್ಕೆ ಮಾತು ಕಟ್ತಾರೆ, ಎದುರಿನವರು ಏನು ಹೇಳ್ತಾರೆ ಅಂತ ಮೊದಲೇ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಹಳೇ ರೆಕಾರ್ಡಿಂಗ್ ಹುಡುಕಿ ಕೇಳಿ. ವಾಲಿಯೋ ರಾವಣನೋ ಆಗಿ ಕೂತ್ರೆ ಅವನ ಕಡೆನೂ ನ್ಯಾಯ ಇದೆ ಅಂತ ನಮಗೇ ಅನ್ನಿಸ್ಬೇಕು ಹಾಗೆ. ಗಮನಿಸಬೇಕಾದ್ದು ಒಂದುಂಟು, ಒಳ್ಳೇ ಅರ್ಥಧಾರಿ ಎದುರಿನವರ ಮಾತನ್ನ ಪೂರ್ತಿ ಕೇಳಿಸ್ಕೊಂಡು, ಅವರದ್ದೇ ಒಂದು ಮಾತು ಹಿಡಿದು ಅಲ್ಲಿಂದ ತನ್ನ ಮಾತು ಶುರು ಮಾಡ್ತಾರೆ. ನಮ್ಮ ಮೀಟಿಂಗುಗಳಲ್ಲಿ ಇಲ್ಲದೇ ಇರೋದು ಇದೇ. ಎಲ್ರೂ ತಮ್ಮ ಸರದಿ ಯಾವಾಗ ಬರ್ತದೆ ಅಂತ ಕಾಯ್ತಾ ಕೂತಿರ್ತಾರೆ. ಬೆಂಗಳೂರಿಗೂ ತಂಡಗಳು ಬರ್ತಾವೆ, ಹೋಗಿ ಕೂತು ಕೇಳಿ.

ಮಾತುಗಾರ್ತಿ_ಬಸವನಗುಡಿ:
ಹೌದು, ಇದು ನಂಗೆ ಹೊಳೆದಿರ್ಲಿಲ್ಲ! ಹಾಗೆ ನೋಡಿದ್ರೆ ಅಷ್ಟಾವಧಾನನೂ ಸೇರಿಸ್ಬೇಕು. ಶತಾವಧಾನಿ ಆರ್. ಗಣೇಶ್ ಅವರದ್ದು ನೋಡಿದೀರಾ? ಎಂಟು ಜನ ಪೃಚ್ಛಕರು, ಅಂದ್ರೆ ಪ್ರಶ್ನೆ ಕೇಳೋರು, ಸವಾಲು ಹಾಕ್ತಾರೆ, ಅವಧಾನಿಗಳು ಅಲ್ಲೇ ಪದ್ಯ ಕಟ್ತಾ ಎಲ್ರಿಗೂ ಉತ್ತರ ಕೊಡ್ಬೇಕು. ಆ ಎಂಟು ಜನರಲ್ಲಿ ಒಬ್ರ ಕೆಲಸನೇ ಅಪ್ರಸ್ತುತ ಪ್ರಸಂಗ, ಅಂದ್ರೆ ಮಧ್ಯ ಮಧ್ಯ ಸಂಬಂಧನೇ ಇಲ್ಲದ ಪ್ರಶ್ನೆ ಹಾಕಿ ಏಕಾಗ್ರತೆ ಕೆಡಿಸೋದು. ಅವಧಾನಿಗಳು ಸಿಟ್ಟಾಗಲ್ಲ, ನಗ್ತಾ ಚಿಕ್ಕದಾಗಿ ಉತ್ತರ ಕೊಟ್ಟು ಬಿಟ್ಟ ಪದ್ಯಕ್ಕೆ ವಾಪಸ್ ಹೋಗ್ತಾರೆ. ಡೆಮೊ ಮಧ್ಯ ಯಾರಾದ್ರೂ ಅಡ್ಡ ಪ್ರಶ್ನೆ ಹಾಕಿದ್ರೆ ಮಾಡ್ಬೇಕಾದ್ದು ಅದೇ. ಕೇಳೋ ಅಭ್ಯಾಸಕ್ಕೆ ನಮ್ಮ ಏರಿಯಾನೇ ಸಾಕು, ಬುಲ್ ಟೆಂಪಲ್ ರಸ್ತೆಲಿ ಡಿವಿಜಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ರಸ್ತೆಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ಎರಡೂ 1945ರಿಂದ ಇವೆ. ಉಪನ್ಯಾಸ ಮುಗಿದ ಮೇಲೆ ಪ್ರಶ್ನೆಗೆ ಅವಕಾಶ ಇದ್ದಾಗ ಒಂದೇ ಒಂದು ಪ್ರಶ್ನೆ ಎದ್ದು ನಿಂತು ಕೇಳಿ. ಮೈಕ್ ಹಿಡಿದು ಎರಡು ವಾಕ್ಯ, ಅದಕ್ಕಿಂತ ಕಮ್ಮಿ ಖರ್ಚಿನ ಪ್ರಾಕ್ಟೀಸ್ ಈ ಊರಲ್ಲಿ ಇಲ್ಲ.

ನಿಧಾನ_ಮಾತು:
ಇಷ್ಟು ಹೊತ್ತು ಓದ್ತಿದ್ದೆ, ಒಂದು ವಿಷ್ಯ ಸೇರಿಸ್ತೀನಿ. ನಂಗೆ ಉಗ್ಗು ಇದೆ. ಇಲ್ಲಿ ಹೇಳಿರೋ ಉಸಿರು, ಪ್ರಾಕ್ಟೀಸ್ ಎಲ್ಲ ಒಳ್ಳೇದು, ಆದ್ರೆ ಉಗ್ಗು ಭಯದಿಂದ ಬರೋದಲ್ಲ, ಧೈರ್ಯ ತಂದ್ಕೊಂಡ್ರೆ ಹೋಗೋದೂ ಅಲ್ಲ. ಅಂಥೋರು ಕೋರ್ಸ್ ಹಿಂದೆ ಹೋಗೋ ಬದಲು ಸ್ಪೀಚ್ ಥೆರಪಿಸ್ಟ್ ಹತ್ರ ಹೋಗಿ, ಇಲ್ಲಿ ನಿಮ್ಹಾನ್ಸ್‌ನಲ್ಲಿ ವಿಭಾಗ ಇದೆ, ಮೈಸೂರಿನ ಮಾನಸಗಂಗೋತ್ರಿಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮತ್ತೆ ಕೇಳೋರಿಗೆ ಒಂದು ವಿನಂತಿ, ನಾವು ತಡೆದಾಗ ನಮ್ಮ ವಾಕ್ಯ ನೀವು ಮುಗಿಸ್ಬೇಡಿ. ಸಹಾಯ ಅಂತಾನೇ ಮಾಡ್ತೀರ, ಗೊತ್ತು, ಆದ್ರೆ ಅದು ಮಾತು ಕಿತ್ಕೊಂಡ ಹಾಗಾಗತ್ತೆ. ಕಾಯಿರಿ, ಬರತ್ತೆ.

ಮಲ್ಲೇಶ್ವರದ_ಅಕ್ಕ:
ಇದನ್ನ ಎಲ್ಲಾ ಮ್ಯಾನೇಜರ್‌ಗಳೂ ಓದ್ಬೇಕು. ಉಗ್ಗು ಇಲ್ಲದೇ ಇರೋರಿಗೂ ಆ ಎರಡು ಸೆಕೆಂಡ್ ಕೊಟ್ರೆ ಎಷ್ಟೋ ಜನ ಮೀಟಿಂಗಲ್ಲಿ ಬಾಯಿ ಬಿಡ್ತಾರೆ.

ಹೊಸದುರ್ಗದ_ಹುಡ್ಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸ್ಟ್ಯಾಂಡಪ್‌ನಲ್ಲಿ ಮೊದಲನೇ ವಾಕ್ಯ ಬರ್ಕೊಂಡು ಹೋಗಿದ್ದೆ, ಯುಪಿಐ ಇನ್ನೂ ಫೇಲ್ ಆಗ್ತಿದೆ, ನಂಗೆ ಒಬ್ಬ ಡೆವಲಪರ್ ಅರ್ಧ ಗಂಟೆ ಬೇಕು ಅಂದೆ. ಮ್ಯಾನೇಜರ್ ತಕ್ಷಣ ಒಬ್ರನ್ನ ಕೊಟ್ರು. ಧ್ವನಿ ನಡುಗ್ತಿತ್ತು, ಯಾರೂ ಏನೂ ಅನ್ಲಿಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಸದ್ಯಕ್ಕೆ ಬಿಟ್ಟಿದೀನಿ, ಪ್ಯಾಸೆಂಜರ್ ಸರ್ ಹೇಳಿದ ವಾಕ್ಯಗಳನ್ನ ಇಂಗ್ಲಿಷಲ್ಲಿ ದಿನಾ ಜೋರಾಗಿ ಹೇಳ್ಕೊಳ್ತಿದೀನಿ. ಈಗ ರಾಜ್ಯೋತ್ಸವದ್ದು ಉಳಿದಿದೆ. ನಿರೂಪಣೆ ಪೂರ್ತಿ ಬರೆದು ಓದ್ಲಾ? ಮತ್ತೆ ಮೈಕ್ ಹಿಡಿಯೋದು ಹೇಗೆ? ಹೋದ್ಸಲ ಮಾಡಿದವರಿಗೆ ಕಾರ್ಯಕ್ರಮ ಪೂರ್ತಿ ಕುಂಯ್ ಅಂತ ಸೌಂಡ್ ಬರ್ತಿತ್ತು.

ಮಾತುಗಾರ್ತಿ_ಬಸವನಗುಡಿ:
ಪೂರ್ತಿ ಬರೆದು ಓದ್ಬೇಡಿ, ಬರೆದಿದ್ದನ್ನ ಓದಿದ್ರೆ ಪುಸ್ತಕದ ಕನ್ನಡ ಬಂದ್ಬಿಡತ್ತೆ, ಸಕಲರಿಗೂ ಆದರದ ಸುಸ್ವಾಗತ ಅಂತ. ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ ಬಾಯಿಪಾಠ ಇರ್ಲಿ, ಮಧ್ಯದ್ದಕ್ಕೆ ಒಂದು ಕಾರ್ಡಲ್ಲಿ ಹೆಸರುಗಳು ಮಾತ್ರ. ಹೆಸರು ತಪ್ಪಾದ್ರೆ ಜನಕ್ಕೆ ಬೇಜಾರಾಗತ್ತೆ, ಅದಕ್ಕೇ ಪ್ರತಿಯೊಬ್ಬರ ಹೆಸರೂ ಅವರ ಹತ್ರನೇ ಕೇಳಿ ಬರ್ಕೊಳಿ, ಅಪಾರ್ಟ್‌ಮೆಂಟಲ್ಲಿ ಬಂಗಾಳಿ ಮಕ್ಕಳು, ಮಲಯಾಳಿ ಮಕ್ಕಳು ಎಲ್ಲಾ ಡ್ಯಾನ್ಸ್ ಮಾಡ್ತಾರೆ. ಕನ್ನಡ ಬರದೇ ಇರೋರೂ ಕೂತಿರ್ತಾರೆ, ಅವರಿಗೆ ಅರ್ಥ ಆಗೋ ಹಾಗೆ ಚಿಕ್ಕ ವಾಕ್ಯ, ನಿಧಾನ. ಇಡೀ ನಿರೂಪಣೆ ಇಂಗ್ಲಿಷಿಗೆ ತಿರುಗಿಸ್ಬೇಡಿ, ದಯವಿಟ್ಟು.

ಸೌಂಡ್_ಅಣ್ಣ:
ಮೈಕ್ ವಿಷ್ಯ ನಾನು ಹೇಳ್ತೀನಿ, ನಮ್ಮದು ಅದೇ ಕೆಲಸ. ಕುಂಯ್ ಅನ್ನೋದು ಯಾಕೆ ಅಂದ್ರೆ ಸ್ಪೀಕರಿಂದ ಬಂದ ಸೌಂಡು ಮತ್ತೆ ಮೈಕಿಗೆ ಹೋಗತ್ತೆ, ಅದು ಮತ್ತೆ ಸ್ಪೀಕರಲ್ಲಿ ಬರತ್ತೆ, ಹಂಗೇ ಸುತ್ತು ಹೊಡೆಯತ್ತೆ. ಸ್ಪೀಕರ್ ಬಾಕ್ಸುಗಳು ನಿಮಗಿಂತ ಮುಂದೆ ಇರ್ಬೇಕು, ಜನರ ಕಡೆ ಮುಖ ಮಾಡಿ. ಮೈಕ್ ಹಿಡ್ಕೊಂಡು ಬಾಕ್ಸ್ ಮುಂದೆ ಓಡಾಡ್ಬೇಡಿ, ಬಹುಮಾನ ಕೊಡಕ್ಕೆ ಅಂತ ಕೆಳಗೆ ಇಳೀತಾರಲ್ಲ, ಆಗಲೇ ಕುಂಯ್ ಅನ್ನೋದು. ಎರಡನೇದು, ಮೈಕಿನ ಜಾಲರಿನ ಮುಷ್ಟಿಲಿ ಮುಚ್ಚಿ ಹಿಡಿಬೇಡಿ, ಸಿನಿಮಾದಲ್ಲಿ ಹಿಡಿಯೋ ಥರ. ಜಾಲರಿ ಮುಚ್ಚಿದ್ರೆ ಮೈಕ್ ಎಲ್ಲಾ ಕಡೆ ಸೌಂಡೂ ಎಳ್ಕೊಳತ್ತೆ. ಕೆಳಗಡೆ ಹಿಡಿನಲ್ಲಿ ಹಿಡ್ಕೊಳಿ, ಗದ್ದದಿಂದ ಎರಡು ಮೂರು ಬೆರಳು ದೂರ, ಸ್ವಲ್ಪ ಓರೆಯಾಗಿ, ನೇರವಾಗಿ ಬಾಯಿಗೆ ಇಟ್ರೆ ಪ ಫ ಬ ಭ ಹೇಳ್ದಾಗೆಲ್ಲ ಡಬ್ ಡಬ್ ಅನ್ನತ್ತೆ. ತಲೆ ತಿರುಗಿಸಿದ್ರೆ ಮೈಕೂ ಜೊತೆಗೇ ತಿರುಗಬೇಕು. ಊದಬೇಡಿ, ತಟ್ಟಬೇಡಿ, ಚೆಕ್ ಮಾಡೋಕೆ ನಿಮ್ಮ ಮೊದಲ ವಾಕ್ಯನೇ ಮಾಮೂಲಿ ಧ್ವನಿಲಿ ಹೇಳಿ, ಆಗ ನಿಮ್ಮ ಧ್ವನಿಗೆ ಎಷ್ಟು ಬೇಕು ಅಂತ ಆಪರೇಟರ್‌ಗೆ ಗೊತ್ತಾಗತ್ತೆ. ಜನ ಬರೋ ಮುಂಚೆ ಹೋಗಿ ಮಾಡಿ.

ಹೊಸದುರ್ಗದ_ಹುಡ್ಗ:
ಅಣ್ಣ, ಮೈಕ್ ಸ್ಟ್ಯಾಂಡ್ ಕೇಳ್ಲಾ ಕೈಲಿ ಹಿಡಿಯೋದಾ? ಕೈ ನಡುಗತ್ತೆ ಅಂತ.

ಸೌಂಡ್_ಅಣ್ಣ:
ಸ್ಟ್ಯಾಂಡೇ ಕೇಳಿ. ಆಪರೇಟರ್ ಹತ್ರ ಇದ್ದೇ ಇರತ್ತೆ, ಹಿಂದಿನ ದಿನ ಫೋನ್ ಮಾಡಿ ಹೇಳಿದ್ರೆ ಸಾಕು. ಎತ್ತರ ನಿಮ್ಮ ಗದ್ದದ ಮಟ್ಟಕ್ಕೆ ಇಟ್ಕೊಳಿ, ಮಕ್ಕಳು ಮಾತಾಡೋಕೆ ಬಂದಾಗ ನೀವೇ ಇಳಿಸಿ ಕೊಡಿ.